ದಿನಕ್ಕೆ ನಾಲ್ಕು ಗಂಟೆ ನಡೆದ ಸರ್ವೇಯರ್: ಹೆನ್ರಿ ಡೇವಿಡ್ ಥೋರೋ

ಥೋರೋ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರೋದು ಎರಡೇ ವಿಷಯ. ಒಂದು, ಅವನು ಕೆರೆಯ ದಡದಲ್ಲಿ ಪುಟ್ಟ ಮನೆ ಕಟ್ಟಿಕೊಂಡು ಕಾಡಿನಲ್ಲಿ ಒಬ್ಬನೇ ಇದ್ದ. ಇನ್ನೊಂದು, ತೆರಿಗೆ ಕಟ್ಟಲ್ಲ ಅಂತ ಜೈಲಿಗೆ ಹೋದ, ಆ ಬಗ್ಗೆ ಅವನು ಬರೆದಿದ್ದನ್ನು ಗಾಂಧೀಜಿ ಓದಿದ್ದರು. ಇದರ ಜೊತೆಗೆ ಸೂರ್ಯೋದಯದ ಫೋಟೋ ಮೇಲೆ ಅವನ ಹೆಸರು ಹಾಕಿದ ವಾಟ್ಸಾಪ್ ಸ್ಟೇಟಸ್‌ಗಳು. ಇಷ್ಟೇ ನೋಡಿದರೆ ಯಾರೋ ಮಾಡೋಕೆ ಕೆಲಸ ಇಲ್ಲದ ಸನ್ಯಾಸಿ ಅನ್ನಿಸುತ್ತೆ. ಆದರೆ ಅವನು ಹೊಟ್ಟೆಪಾಡಿಗೆ ಮಾಡಿದ್ದು ಪೆನ್ಸಿಲ್ ತಯಾರಿಕೆ ಮತ್ತು ಜಮೀನಿನ ಸರ್ವೇ. ಕ್ಯಾಂಪಸ್ ಭಾಷೆಯಲ್ಲಿ ಹೇಳೋದಾದರೆ ಅರ್ಧ ಮೆಕ್ಯಾನಿಕಲ್, ಅರ್ಧ ಸಿವಿಲ್.

ಉಳಿದ ಸಮಯದಲ್ಲಿ ಅವನು ನಡೆಯುತ್ತಿದ್ದ. ದಿನಕ್ಕೆ ಕಡಿಮೆ ಅಂದರೂ ನಾಲ್ಕು ಗಂಟೆ. ಮನೆಯಿಂದ ಹೊರಟು, ಕಾಡು ಗುಡ್ಡ ಸುತ್ತಿ, ಕತ್ತಲಾಗೋದರೊಳಗೆ ವಾಪಸ್ ಬರೋ ನಡಿಗೆ. ಇವತ್ತು ನಾವು ಡೇ ಹೈಕ್ ಅಂತೀವಲ್ಲ, ಅದೇ. ಅವನು ಓಡಾಡಿದ, ಹತ್ತಿದ ಹಲವು ಜಾಗಗಳು ಇವತ್ತು ಅಮೆರಿಕದಲ್ಲಿ ಸ್ಟೇಟ್ ಪಾರ್ಕ್ ಅಥವಾ ಸ್ಟೇಟ್ ರಿಸರ್ವೇಶನ್ ಆಗಿವೆ. ರಿಸರ್ವೇಶನ್ ಅಂದರೆ ಇಲ್ಲಿ ಟ್ರೈನ್ ಸೀಟ್ ಅಲ್ಲ, ರಾಜ್ಯ ಸರ್ಕಾರ ಎಲ್ಲರಿಗೂ ಅಂತ ಮೀಸಲಿಟ್ಟ ಕಾಡು. ಥೋರೋ ಬದುಕಿದ್ದಾಗ ಇವುಗಳಲ್ಲಿ ಒಂದೂ ಇರಲಿಲ್ಲ. ಇರಬೇಕಿತ್ತು ಅಂತ ಮೊದಲೇ ಬರೆದಿಟ್ಟವರಲ್ಲಿ ಅವನೂ ಒಬ್ಬ.

ಕೆಲಸ ಸಿಗದ ವರ್ಷದ ಪದವೀಧರ

ಹುಟ್ಟಿದ್ದು 1817ರ ಜುಲೈ 12ರಂದು, ಮೆಸಾಚುಸೆಟ್ಸ್ ರಾಜ್ಯದ ಕಾಂಕರ್ಡ್ ಎಂಬ ಊರಲ್ಲಿ. ಬಾಸ್ಟನ್ ನಗರದಿಂದ ಪಶ್ಚಿಮಕ್ಕೆ ಸುಮಾರು 30 ಕಿಲೋಮೀಟರ್. ಮನೆಯವರು ಇಟ್ಟ ಹೆಸರು ಡೇವಿಡ್ ಹೆನ್ರಿ. ಮುಂದೆ ಅವನೇ ಅದನ್ನು ತಿರುಗಿಸಿ ಹೆನ್ರಿ ಡೇವಿಡ್ ಅಂತ ಮಾಡಿಕೊಂಡ. ಅಪ್ಪ ಜಾನ್ ಪೆನ್ಸಿಲ್ ಮಾಡಿ ಮಾರುತ್ತಿದ್ದರು. ತಾಯಿ ಸಿಂಥಿಯಾ. ಹೆಲೆನ್ ಎಂಬ ಅಕ್ಕ, ಅಪ್ಪನ ಹೆಸರೇ ಇದ್ದ ಅಣ್ಣ ಜಾನ್, ಸೋಫಿಯಾ ಎಂಬ ತಂಗಿ. ಮನೆಯಲ್ಲಿ ದುಡ್ಡಿಗೆ ಯಾವಾಗಲೂ ಬಿಗಿ. ಆದರೂ ಹೇಗೋ ಹೊಂದಿಸಿ 1833ರಲ್ಲಿ ಹೆನ್ರಿಯನ್ನು ಹಾರ್ವರ್ಡ್‌ಗೆ ಕಳಿಸಿದರು.

ಅವನು ಓದು ಮುಗಿಸಿ ಹೊರಬಂದದ್ದು 1837ರಲ್ಲಿ. ಅದೇ ವರ್ಷ ಅಮೆರಿಕದಲ್ಲಿ ದೊಡ್ಡ ಆರ್ಥಿಕ ಕುಸಿತ. ಬ್ಯಾಂಕುಗಳು ಮುಚ್ಚಿದವು, ಕೆಲಸಗಳು ಮಾಯವಾದವು. ಪ್ಲೇಸ್‌ಮೆಂಟ್ ಸೀಸನ್ ಕೈಕೊಟ್ಟ ಬ್ಯಾಚ್ ಅಂದರೆ ಹೇಗಿರುತ್ತೆ ಅಂತ ನಮಗೆ ಬಿಡಿಸಿ ಹೇಳಬೇಕಿಲ್ಲ. ಅಂಥದ್ದರಲ್ಲೂ ಊರಿನ ಶಾಲೆಯಲ್ಲೇ ಅವನಿಗೆ ಮೇಷ್ಟ್ರ ಕೆಲಸ ಸಿಕ್ಕಿತು. ಎರಡು ವಾರವೂ ಉಳಿಯಲಿಲ್ಲ ಅನ್ನಬಹುದು. ಮಕ್ಕಳಿಗೆ ಹೊಡೆಯುತ್ತಿಲ್ಲ, ಶಿಸ್ತಿಲ್ಲ ಅಂತ ಶಾಲಾ ಸಮಿತಿಯವರೊಬ್ಬರು ಆಕ್ಷೇಪ ಎತ್ತಿದರು. ಅವನು ಕೆಲವು ಮಕ್ಕಳನ್ನು ಕರೆದು ಏಟು ಕೊಟ್ಟ, ಅವತ್ತೇ ರಾಜೀನಾಮೆಯನ್ನೂ ಕೊಟ್ಟ. ಏಟು ತಿಂದ ಮಕ್ಕಳಿಗೆ ತಾವು ಮಾಡಿದ ತಪ್ಪು ಏನು ಅಂತಲೇ ಅರ್ಥ ಆಗಿರಲಿಕ್ಕಿಲ್ಲ.

ಆಮೇಲೆ 1838ರಲ್ಲಿ ಅವನು ತನ್ನದೇ ಶಾಲೆ ತೆರೆದ, ಸ್ವಲ್ಪ ದಿನಕ್ಕೆ ಅಣ್ಣನೂ ಬಂದು ಸೇರಿಕೊಂಡ. ಅಲ್ಲಿ ಬೆತ್ತ ಇರಲಿಲ್ಲ. ಮಕ್ಕಳನ್ನು ಹೊಲ, ಕಾಡು, ಹೊಳೆ ದಂಡೆಗೆ ಕರೆದುಕೊಂಡು ಹೋಗೋದು ಪಾಠದ ಭಾಗವಾಗಿತ್ತು. 1839ರಲ್ಲಿ ಅಣ್ಣ ತಮ್ಮ ಇಬ್ಬರೂ ಕೈಯಾರೆ ದೋಣಿ ಕಟ್ಟಿ ಕಾಂಕರ್ಡ್ ಮತ್ತು ಮೆರಿಮ್ಯಾಕ್ ನದಿಗಳಲ್ಲಿ ಪ್ರವಾಸ ಹೋಗಿ ಬಂದರು. 1841ರಲ್ಲಿ ಜಾನ್ ಆರೋಗ್ಯ ಕೆಟ್ಟು ಶಾಲೆ ಮುಚ್ಚಿತು.

ಪೆನ್ಸಿಲ್ ಎಂಜಿನಿಯರಿಂಗ್

ಡ್ರಾಯಿಂಗ್ ಶೀಟ್ ಮೇಲೆ ಎಚ್‌ಬಿ ಎಲ್ಲಿ, 2ಎಚ್ ಎಲ್ಲಿ ಅಂತ ಮೊದಲ ಸೆಮಿಸ್ಟರ್‌ನಲ್ಲಿ ತಲೆ ಕೆಡಿಸಿಕೊಂಡವರು ಈ ಭಾಗ ಓದಲೇಬೇಕು. ಆಗ ಅಮೆರಿಕದಲ್ಲಿ ತಯಾರಾಗುತ್ತಿದ್ದ ಪೆನ್ಸಿಲ್‌ಗಳು ಕಳಪೆ. ಗ್ರಾಫೈಟ್ ಪುಡಿ ತರಿತರಿ, ಸೇರಿಸುತ್ತಿದ್ದ ಅಂಟು ಸರಿ ಇಲ್ಲ, ಬರೆದರೆ ಜಿಡ್ಡು ಜಿಡ್ಡು, ಸ್ವಲ್ಪ ಒತ್ತಿದರೆ ಮುರಿಯುತ್ತಿತ್ತು. ಯುರೋಪಿನಲ್ಲಿ ಗ್ರಾಫೈಟ್‌ಗೆ ಜೇಡಿಮಣ್ಣು ಬೆರೆಸಿ ಸುಡುವ ವಿಧಾನ 1790ರ ದಶಕದಿಂದಲೇ ಇತ್ತು, ಆದರೆ ಅದು ಇಲ್ಲಿಯವರ ಕೈಗೆ ಸಿಕ್ಕಿರಲಿಲ್ಲ.

ಹೆನ್ರಿ ಅಪ್ಪನ ಕಾರ್ಖಾನೆಯಲ್ಲಿ ಕೂತು ಎರಡು ಸಮಸ್ಯೆ ಬಿಡಿಸಿದ. ಮೊದಲನೆಯದು ಮಿಶ್ರಣ. ಗ್ರಾಫೈಟ್‌ಗೆ ಜೇಡಿಮಣ್ಣು ಸೇರಿಸಿದ, ಮಣ್ಣಿನ ಪ್ರಮಾಣ ಹೆಚ್ಚು ಕಡಿಮೆ ಮಾಡಿ ಬೇರೆ ಬೇರೆ ಗಡಸುತನದ ಪೆನ್ಸಿಲ್ ಬರೋ ಹಾಗೆ ಮಾಡಿದ. ಎರಡನೆಯದು ಪುಡಿ. ಬೀಸುವ ಯಂತ್ರದ ಮೇಲೆ ಎತ್ತರದ ಪೆಟ್ಟಿಗೆಯಂಥ ರಚನೆ ಇಟ್ಟು, ಗಾಳಿಯಲ್ಲಿ ಮೇಲೆದ್ದು ಹೋಗುವಷ್ಟು ಹಗುರ ಇರೋ ನಯವಾದ ಪುಡಿ ಮಾತ್ರ ಮೇಲೆ ಸೇರುವಂತೆ ಮಾಡಿದ. ದಪ್ಪ ಕಣ ಕೆಳಗೇ ಉಳಿದು ಮತ್ತೆ ಬೀಸಿಸಿಕೊಳ್ಳುತ್ತಿತ್ತು. ಜರಡಿಯೇ ಇಲ್ಲದೆ ಜರಡಿ ಹಿಡಿದ ಹಾಗೆ. ಥೋರೋ ಪೆನ್ಸಿಲ್ ಅಮೆರಿಕದಲ್ಲೇ ಒಳ್ಳೆಯದು ಅನ್ನೋ ಹೆಸರು ಬಂತು. ಮುಂದೆ ಮುದ್ರಣದ ಎಲೆಕ್ಟ್ರೋಟೈಪಿಂಗ್‌ಗೆ ನಯವಾದ ಗ್ರಾಫೈಟ್ ಪುಡಿಗೆ ಬೇಡಿಕೆ ಬಂದಾಗ, ಪೆನ್ಸಿಲ್‌ಗಿಂತ ಪುಡಿ ಮಾರೋದೇ ಲಾಭ ಅಂತ ಮನೆಯವರು ಆ ಕಡೆ ತಿರುಗಿದರು.

ಇಷ್ಟು ಚೆನ್ನಾಗಿ ನಡೆಯುತ್ತಿದ್ದ ಕೆಲಸವನ್ನೇ ಹಿಡಿದು ಅವನು ದುಡ್ಡು ಮಾಡಬಹುದಿತ್ತು. ಮಾಡಲಿಲ್ಲ. ಮನೆಗೆ ಅಗತ್ಯ ಇದ್ದಾಗ ಕಾರ್ಖಾನೆಗೆ ಬರುತ್ತಿದ್ದ, ಕೆಲಸ ಮುಗಿದರೆ ಹೊರಟುಬಿಡುತ್ತಿದ್ದ.

ಎರಡು ಪೆಟ್ಟು

1842ರ ಜನವರಿಯಲ್ಲಿ ಅಣ್ಣ ಜಾನ್ ರೇಜರ್ ಮಸೆಯುವಾಗ ಬೆರಳಿಗೆ ಚಿಕ್ಕ ಗಾಯ ಮಾಡಿಕೊಂಡ. ಅದು ಧನುರ್ವಾಯು ಆಯಿತು. ಆಗ ಲಸಿಕೆ ಇಲ್ಲ, ಔಷಧಿ ಇಲ್ಲ. ಕೆಲವೇ ದಿನದಲ್ಲಿ ತಮ್ಮನ ತೋಳಲ್ಲೇ ಪ್ರಾಣ ಬಿಟ್ಟ. ಅದಾದ ಮೇಲೆ ಹೆನ್ರಿಗೂ ಅದೇ ರೋಗದ ಲಕ್ಷಣಗಳು ಕಾಣಿಸಿಕೊಂಡವು. ಗಾಯ ಇಲ್ಲ, ಸೋಂಕು ಇಲ್ಲ, ದುಃಖಕ್ಕೇ ಮೈ ಹಾಗೆ ಸೆಟೆದಿತ್ತು.

1844ರ ಏಪ್ರಿಲ್‌ನಲ್ಲಿ ಇನ್ನೊಂದು ನಡೆಯಿತು. ಗೆಳೆಯ ಎಡ್ವರ್ಡ್ ಹೋರ್ ಜೊತೆ ದೋಣಿಯಲ್ಲಿ ಹೋಗಿದ್ದಾಗ ಹಿಡಿದ ಮೀನು ಬೇಯಿಸೋಕೆ ದಡದಲ್ಲಿ ಬೆಂಕಿ ಹಾಕಿದರು. ಒಣ ಹುಲ್ಲಿಗೆ ಕಿಡಿ ಹಾರಿತು. ಸುಮಾರು 300 ಎಕರೆ ಕಾಡು ಸುಟ್ಟುಹೋಯಿತು. ಹೋರ್ ಅವರ ತಂದೆ ಊರಿನ ದೊಡ್ಡ ಮನುಷ್ಯ ಆಗಿದ್ದಕ್ಕೆ ಕೇಸು ಆಗಲಿಲ್ಲ ಅಂತ ಹೇಳುತ್ತಾರೆ. ಆದರೆ ಕಾಡು ಸುಟ್ಟವನು ಅನ್ನೋ ಮಾತು ಥೋರೋ ಬೆನ್ನ ಹಿಂದೆ ವರ್ಷಗಟ್ಟಲೆ ಓಡಾಡಿತು. ಅವನು ಈ ಘಟನೆಯನ್ನು ತನ್ನ ದಿನಚರಿಯಲ್ಲಿ ವಿವರವಾಗಿ ಬರೆದದ್ದು ಆರು ವರ್ಷ ಕಳೆದ ಮೇಲೆ. ಅಮೆರಿಕದ ಪರಿಸರ ಚಿಂತನೆಗೆ ಮೂಲಪುರುಷ ಅನ್ನಿಸಿಕೊಂಡವನ ಬದುಕಲ್ಲಿ ಇದೂ ಇದೆ, ಬಿಟ್ಟು ಹೇಳಿದರೆ ಕಥೆ ಸುಳ್ಳಾಗುತ್ತೆ.

ವಾಲ್ಡನ್

ವಾಲ್ಡನ್ ಕೊಳವನ್ನು ಯಾರೂ ಕಟ್ಟಿದ್ದಲ್ಲ. ಹಿಮಯುಗದ ಕೊನೆಯಲ್ಲಿ ನೆಲದಲ್ಲಿ ಹೂತಿದ್ದ ದೊಡ್ಡ ಹಿಮಗಡ್ಡೆ ಕರಗಿ ಉಳಿದ ಗುಂಡಿ ಅದು. ಅದರ ದಡದಲ್ಲಿ ಲೇಖಕ ಎಮರ್ಸನ್ ಅವರಿಗೆ ಸೇರಿದ ಜಾಗ ಇತ್ತು. ಅಲ್ಲಿ ಥೋರೋ 10 ಅಡಿ ಅಗಲ, 15 ಅಡಿ ಉದ್ದದ ಮನೆ ಕಟ್ಟಿದ. ಹಲಗೆಗೆ ಅಂತ ರೈಲ್ವೆ ಕೂಲಿಯೊಬ್ಬನ ಹಳೇ ಗುಡಿಸಲನ್ನು ಕೊಂಡು ಬಿಚ್ಚಿದ. ಒಟ್ಟು ಖರ್ಚು 28 ಡಾಲರ್ 12 ಸೆಂಟ್, ಮೇಲೆ ಅರ್ಧ ಸೆಂಟ್. ಆ ಅರ್ಧ ಸೆಂಟನ್ನೂ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ, ಮಿನಿ ಪ್ರಾಜೆಕ್ಟ್ ರಿಪೋರ್ಟಲ್ಲಿ ಬಿಲ್ ಹಚ್ಚಿದ ಹಾಗೆ.

1845ರ ಜುಲೈ 4ರಂದು ಅಲ್ಲಿಗೆ ಹೋದ, 1847ರ ಸೆಪ್ಟೆಂಬರ್ 6ರಂದು ಬಿಟ್ಟ. ಎರಡು ವರ್ಷ, ಎರಡು ತಿಂಗಳು, ಎರಡು ದಿನ. ಇದು ಘೋರ ಅರಣ್ಯವಾಸ ಏನಲ್ಲ. ಊರು ಒಂದೂವರೆ ಮೈಲಿ ದೂರ, ಪಕ್ಕದಲ್ಲೇ ರೈಲು ಹಳಿ, ಮನೆಗೆ ಆಗಾಗ ಊಟಕ್ಕೆ ಹೋಗುತ್ತಿದ್ದ. ಅದನ್ನು ಹಿಡಿದು ಇವತ್ತಿಗೂ ಅವನನ್ನು ಗೇಲಿ ಮಾಡುವವರಿದ್ದಾರೆ. ಆದರೆ ಅವನು ನೋಡಬೇಕಂತಿದ್ದದ್ದು ಬೇರೆ. ಬದುಕೋಕೆ ನಿಜವಾಗಿ ಎಷ್ಟು ಬೇಕು, ಅಷ್ಟನ್ನು ದುಡಿಯೋಕೆ ವರ್ಷದಲ್ಲಿ ಎಷ್ಟು ದಿನ ಬೇಕು ಅನ್ನೋ ಲೆಕ್ಕ. ಅವನ ಲೆಕ್ಕದಲ್ಲಿ ಸುಮಾರು ಆರು ವಾರ ಸಾಕಾಯಿತು. ಮಿಕ್ಕಿದ್ದು ಓದು, ಬರಹ, ನಡಿಗೆ.

ಅಲ್ಲಿ ಅವನು ಮಾಡಿದ ಒಂದು ಕೆಲಸ ನನಗೆ ತುಂಬಾ ಇಷ್ಟ. ವಾಲ್ಡನ್‌ಗೆ ತಳವೇ ಇಲ್ಲ ಅಂತ ಊರಲ್ಲಿ ನಂಬಿಕೆ ಇತ್ತು. ಯಾರೂ ಅಳೆದು ನೋಡಿರಲಿಲ್ಲ. 1846ರ ಆರಂಭದಲ್ಲಿ, ನೀರು ಹೆಪ್ಪುಗಟ್ಟಿದ್ದಾಗ, ಥೋರೋ ಕಂಪಾಸ್, ಚೈನ್ ತೆಗೆದುಕೊಂಡು ಮಂಜುಗಡ್ಡೆ ಮೇಲೆ ನಡೆದು, ನೂರಕ್ಕೂ ಹೆಚ್ಚು ಕಡೆ ತೂತು ಕೊರೆದು, ಕಲ್ಲು ಕಟ್ಟಿದ ದಾರ ಇಳಿಬಿಟ್ಟ. ಅತಿ ಆಳದ ಜಾಗ 102 ಅಡಿ ಅಂತ ಸಿಕ್ಕಿತು. ಸ್ಕೇಲ್ ಹಾಕಿ ನಕ್ಷೆ ಬರೆದ. ಕೊಳದ ಅತಿ ಉದ್ದದ ಗೆರೆ ಮತ್ತು ಅತಿ ಅಗಲದ ಗೆರೆ ಎಲ್ಲಿ ಕೂಡುತ್ತವೋ ಸರಿಸುಮಾರು ಅಲ್ಲೇ ಹೆಚ್ಚು ಆಳ ಇದೆ ಅಂತಲೂ ಗಮನಿಸಿದ. ಒಂದು ಶತಮಾನದ ನಂತರ ವಿಜ್ಞಾನಿಗಳು ಅಳೆದಾಗಲೂ ಅವನ ಆಳದ ಲೆಕ್ಕ ಸರಿಯಾಗೇ ಬಂತು.

1846ರ ಜುಲೈನಲ್ಲಿ, ರಿಪೇರಿಗೆ ಕೊಟ್ಟಿದ್ದ ಶೂ ತರಲು ಊರಿಗೆ ಹೋದಾಗ, ತಲೆಗಂದಾಯ ಬಾಕಿ ಇದೆ ಅಂತ ಅವನನ್ನು ಹಿಡಿದರು. ಗುಲಾಮಗಿರಿಯನ್ನು ಒಪ್ಪಿಕೊಂಡಿರುವ ಸರ್ಕಾರಕ್ಕೆ ದುಡ್ಡು ಕೊಡಲ್ಲ ಅನ್ನೋದು ಅವನ ನಿಲುವು. ಒಂದು ರಾತ್ರಿ ಜೈಲು. ಯಾರೋ ತೆರಿಗೆ ಕಟ್ಟಿದರು, ಬೆಳಿಗ್ಗೆ ಬಿಟ್ಟರು. ಹೊರಗೆ ಬಂದವನು ಶೂ ತೆಗೆದುಕೊಂಡು ಸೀದಾ ಗುಡ್ಡಕ್ಕೆ ಕಾಡುಹಣ್ಣು ಕೀಳೋಕೆ ಹೋದ. 1849ರಲ್ಲಿ ಅಚ್ಚಾದ ಅವನ ಪ್ರಬಂಧ ಮುಂದೆ ದಕ್ಷಿಣ ಆಫ್ರಿಕಾದಲ್ಲಿ ಗಾಂಧೀಜಿಯ ಕೈಗೆ ಬಂತು. 1907ರಲ್ಲಿ ಅವರು ತಮ್ಮ ಇಂಡಿಯನ್ ಒಪೀನಿಯನ್ ಪತ್ರಿಕೆಯಲ್ಲಿ ಅದನ್ನು ಓದುಗರಿಗೆ ಪರಿಚಯಿಸಿದರು.

ನಮ್ಮ ಕಡೆಗೆ ಇನ್ನೊಂದು ನಂಟೂ ಇದೆ. ಥೋರೋ ವಾಲ್ಡನ್‌ನಲ್ಲಿ ಭಗವದ್ಗೀತೆಯ ಇಂಗ್ಲಿಷ್ ಅನುವಾದ ಓದುತ್ತಿದ್ದ. 1846-47ರ ಚಳಿಗಾಲದಲ್ಲಿ ಕೂಲಿಗಳ ದಂಡು ಬಂದು ಆ ಕೊಳದ ಮಂಜುಗಡ್ಡೆ ಕತ್ತರಿಸಿ ರಾಶಿ ಹಾಕಿತು. ಆಗ ಬಾಸ್ಟನ್ನಿನ ಮಂಜುಗಡ್ಡೆ ಹಡಗಿನಲ್ಲಿ ಕಲ್ಕತ್ತಾ, ಮದ್ರಾಸಿಗೆ ಬರುತ್ತಿತ್ತು. ಚೆನ್ನೈಗೆ ಹೋದವರು ಮರೀನಾ ಬೀಚ್ ಎದುರು ನೋಡಿರುವ ಐಸ್ ಹೌಸ್ ಆ ವ್ಯಾಪಾರಕ್ಕೇ ಕಟ್ಟಿದ್ದು.

ಚೈನ್ ಹಿಡಿದವನ ಸಂಕಟ

ವಾಲ್ಡನ್ ಬಿಟ್ಟ ಮೇಲೆ ಥೋರೋ ಪೂರ್ತಿ ಸರ್ವೇಯರ್ ಆದ. ಆಗಿನ ಸರ್ವೇ ಚೈನ್ 66 ಅಡಿ. ಅರ್ಧ ಚೈನ್ ಉದ್ದ, ಅರ್ಧ ಚೈನ್ ಅಗಲ ಅಂದರೆ ನಮ್ಮ ಒಂದು ಗುಂಟೆ, ಲೆಕ್ಕ ಹಾಕಿ ನೋಡಿ. ಅಳತೆಯಲ್ಲಿ ಅವನು ಎಷ್ಟು ಕರಾರುವಾಕ್ಕು ಅಂದರೆ ಕಾಂಕರ್ಡ್ ಸುತ್ತಮುತ್ತ ಗಡಿ ಜಗಳ ಬಂದರೆ ಜನ ಅವನನ್ನೇ ಕರೆಯುತ್ತಿದ್ದರು. 1859ರಲ್ಲಿ, ಕೆಳಗಿನ ಅಣೆಕಟ್ಟಿಂದ ತಮ್ಮ ಹುಲ್ಲುಗಾವಲು ಮುಳುಗುತ್ತಿದೆ ಅಂತ ರೈತರು ಗಲಾಟೆ ಎಬ್ಬಿಸಿದಾಗ, ನದಿಯ ಆಳ, ಸೇತುವೆಗಳ ಅಳತೆ ಎಲ್ಲಾ ತೆಗೆದುಕೊಟ್ಟವನೂ ಅವನೇ.

ಈ ಕೆಲಸದಲ್ಲಿ ಒಂದು ಮುಳ್ಳಿತ್ತು. ಕಾಡಿನ ಮಾಲೀಕರು ಅಳತೆ ಮಾಡಿಸುತ್ತಿದ್ದದ್ದು ಯಾಕೆ? ಎಷ್ಟೋ ಸಲ ಕಡಿದು ಮಾರೋಕೆ, ಇಲ್ಲಾ ಭಾಗ ಮಾಡೋಕೆ. ಆಗ ಮೆಸಾಚುಸೆಟ್ಸ್‌ನ ಬಹುಪಾಲು ಕಾಡು ಆಗಲೇ ಹೊಲವಾಗಿತ್ತು. ಉಳಿದದ್ದು ಮನೆಗಳ ಸೌದೆಗೆ, ರೈಲಿನ ಎಂಜಿನ್‌ಗೆ ಹೋಗುತ್ತಿತ್ತು. ವಾಲ್ಡನ್ ಸುತ್ತ ಇದ್ದ ಮರಗಳೂ 1850ರ ದಶಕದ ಹೊತ್ತಿಗೆ ತುಂಬಾ ಕಡಿಮೆ ಆಗಿದ್ದವು. ಅಂದರೆ ಬೆಳಿಗ್ಗೆ ಚೈನ್ ಎಳೆದು ಗಡಿ ಗುರುತು ಹಾಕಿಕೊಟ್ಟ ಕಾಡು ಸ್ವಲ್ಪ ವರ್ಷದಲ್ಲಿ ಇರುತ್ತಿರಲಿಲ್ಲ, ಸಂಜೆ ಅವನು ವಾಕ್ ಹೋಗುತ್ತಿದ್ದದ್ದೂ ಅದೇ ಕಾಡಿಗೆ. ಬೇರೆಯವರ ಜಮೀನಲ್ಲಿ ಓಡಾಡೋಕೆ ಬೇಲಿ ಇನ್ನೂ ಅಷ್ಟಾಗಿ ಬಂದಿರಲಿಲ್ಲ. ಬರುತ್ತೆ ಅಂತ ಅವನಿಗೆ ಗೊತ್ತಿತ್ತು. ಗಡಿ ಕಲ್ಲು ನೆಡಿಸುತ್ತಿದ್ದವನೇ ಅವನಲ್ವಾ!

ಬ್ಯಾಗಲ್ಲಿ ಏನಿತ್ತು

ಹೈಕ್‌ಗೆ ಹೊರಟಾಗ ಅವನ ಗೇರ್ ಲಿಸ್ಟ್ ಸರಳ. ಗಿಡ ಒತ್ತಿಡೋಕೆ ಒಂದು ಹಳೇ ಸಂಗೀತದ ಪುಸ್ತಕ, ಡೈರಿ, ಮನೆಯದ್ದೇ ಪೆನ್ಸಿಲ್, ಹಕ್ಕಿ ನೋಡೋಕೆ ದೂರದರ್ಶಕ, ಚಾಕು, ಹುರಿ. ಟೋಪಿಯ ಒಳಗೆ ಸಣ್ಣ ಅಟ್ಟ ಮಾಡಿಕೊಂಡು ಅದರಲ್ಲಿ ಹೂವು ಇಡುತ್ತಿದ್ದ. ಅಳತೆ ಗುರುತು ಹಾಕಿದ ಊರುಗೋಲು. ಮನೆಗೆ ಬಂದ ಮೇಲೆ ನೋಡಿದ್ದನ್ನೆಲ್ಲ ದಿನಚರಿಗೆ ಇಳಿಸುತ್ತಿದ್ದ. 1837ರಿಂದ 1861ರವರೆಗೆ ಬರೆದ ಆ ದಿನಚರಿ ಸುಮಾರು 20 ಲಕ್ಷ ಪದ.

ಹತ್ತಿರದ ನಡಿಗೆ ದಿನಾ ಇದ್ದರೆ ದೂರದ ಬೆಟ್ಟಗಳು ಆಗಾಗ. 1842ರ ಬೇಸಿಗೆಯಲ್ಲಿ ಕಾಂಕರ್ಡ್‌ನಿಂದ ನಡೆದೇ ಹೋಗಿ ವಾಚುಸೆಟ್ ಬೆಟ್ಟ ಹತ್ತಿದ. 1844ರಲ್ಲಿ ಗ್ರೇಲಾಕ್ ಏರಿ, ತುದಿಯಲ್ಲಿ ಚಳಿ ತಡೆಯಲಾರದೆ ಹಲಗೆಗಳನ್ನು ಮೈಮೇಲೆ ಹೊದ್ದು ರಾತ್ರಿ ಕಳೆದ. 1846ರಲ್ಲಿ ಮೇನ್ ರಾಜ್ಯದ ಕಟಾಡಿನ್‌ಗೆ ಹೋದಾಗ ಮೋಡ ಕವಿದು ತುತ್ತತುದಿ ತಲುಪಲು ಆಗಲೇ ಇಲ್ಲ. ನ್ಯೂ ಹ್ಯಾಂಪ್‌ಶೈರ್‌ನ ಮೊನಾಡ್‌ನಾಕ್ ಬೆಟ್ಟಕ್ಕೆ ನಾಲ್ಕು ಸಲ ಹೋದ, ಕೊನೆಯದು 1860ರಲ್ಲಿ.

ಪುಸ್ತಕದ ವ್ಯಾಪಾರ ಮಾತ್ರ ಕೈಹಿಡಿಯಲಿಲ್ಲ. ಮೊದಲ ಪುಸ್ತಕ ಸಾವಿರ ಪ್ರತಿ ಅಚ್ಚಾಗಿತ್ತು. 1853ರಲ್ಲಿ ಪ್ರಕಾಶಕರು ಮಾರಾಟವಾಗದ 706 ಪ್ರತಿಗಳನ್ನು ಅವನ ಮನೆಗೇ ವಾಪಸ್ ಕಳಿಸಿದರು, ಎಲ್ಲಾ ಹೊತ್ತು ಅಟ್ಟಕ್ಕೆ ಏರಿಸಿದ. ವಾಲ್ಡನ್ 1854ರಲ್ಲಿ ಬಂತು, ಮೊದಲನೆಯದಕ್ಕಿಂತ ವಾಸಿ ಅನ್ನುವಷ್ಟು ಹೋಯಿತು.

ಊರಿಗೊಂದು ಕಾಡು

1859ರ ಅಕ್ಟೋಬರ್‌ನಲ್ಲಿ ಥೋರೋ ದಿನಚರಿಯಲ್ಲಿ ಒಂದು ಯೋಜನೆ ಬರೆದ. ಪ್ರತಿ ಊರಿಗೂ 500 ಅಥವಾ 1000 ಎಕರೆ ಕಾಡು ಇರಬೇಕು. ಅದು ಯಾರೊಬ್ಬರ ಆಸ್ತಿಯೂ ಆಗಬಾರದು, ಸೌದೆಗೆ ಅಂತ ಒಂದು ಕಡ್ಡಿಯನ್ನೂ ಕಡಿಯಬಾರದು, ಊರವರು ಕಲಿಯೋಕೆ, ತಿರುಗಾಡೋಕೆ ಶಾಶ್ವತವಾಗಿ ಉಳಿಯಬೇಕು. ಊರಿಗೆ ಶಾಲೆ ಹೇಗೋ ಕಾಡೂ ಹಾಗೇ ಅನ್ನೋದು ಅವನ ವಾದ. ಇದನ್ನು ಬರೆದವನು ಸೌದೆಗೆ ಹೋದ ಕಾಡುಗಳ ನಕ್ಷೆ ಬರೆದವನು, 300 ಎಕರೆ ಸುಡಲು ಕಾರಣನಾದವನು. ಹಾಗಾಗಿ ಈ ಎಕರೆ ಲೆಕ್ಕ ಅವನಿಗೆ ಬರೀ ಕನಸಿನ ಸಂಖ್ಯೆ ಆಗಿರಲಿಲ್ಲ ಅನ್ನಿಸುತ್ತೆ.

ಮುಂದಿನ ವರ್ಷ ಅವನು ಕಾಡು ತಾನೇ ಹೇಗೆ ಮತ್ತೆ ಹುಟ್ಟುತ್ತೆ ಅಂತ ರೈತರ ಮುಂದೆ ಉಪನ್ಯಾಸ ಕೊಟ್ಟ. ಪೈನ್ ಮರ ಕಡಿದ ಜಾಗದಲ್ಲಿ ಓಕ್ ಯಾಕೆ ಏಳುತ್ತೆ? ಅಳಿಲು, ಹಕ್ಕಿಗಳು ಬೀಜ ಹೊತ್ತು ತಂದು ಹೂತಿಡುತ್ತವೆ, ಅದಕ್ಕೇ ಅಂತ ವರ್ಷಗಟ್ಟಲೆ ನೋಡಿದ್ದನ್ನು ಇಟ್ಟು ವಿವರಿಸಿದ. 1860ರ ಡಿಸೆಂಬರ್‌ನಲ್ಲಿ ಚಳಿಯಲ್ಲಿ ಮರದ ಬುಡಗಳ ಉಂಗುರ ಎಣಿಸುತ್ತಾ ನಿಂತವನಿಗೆ ಶೀತ ಹಿಡಿಯಿತು. ಮೊದಲೇ ಇದ್ದ ಕ್ಷಯ ಮತ್ತೆ ಎದ್ದಿತು. 1861ರಲ್ಲಿ ಹವೆ ಬದಲಾವಣೆಗೆ ಮಿನ್ನೆಸೋಟಾಕ್ಕೆ ಹೋಗಿ ಬಂದರೂ ಗುಣ ಆಗಲಿಲ್ಲ. 1862ರ ಮೇ 6ರಂದು ತೀರಿಕೊಂಡ. ವಯಸ್ಸು 44. ನಡಿಗೆಯ ಬಗ್ಗೆ ಅವನು ಬರೆದ ಪ್ರಬಂಧ ಅಚ್ಚಾದದ್ದು ಅದರ ಮುಂದಿನ ತಿಂಗಳು.

ಅವನು ಹೇಳಿದ್ದು ನಡೆಯಿತಾ? ನಿಧಾನಕ್ಕೆ, ಅರ್ಧಂಬರ್ಧ, ನಡೆಯಿತು. 1891ರಲ್ಲಿ ಚಾರ್ಲ್ಸ್ ಎಲಿಯಟ್ ಎಂಬ ಲ್ಯಾಂಡ್‌ಸ್ಕೇಪ್ ವಾಸ್ತುಶಿಲ್ಪಿಯ ಪ್ರಯತ್ನದಿಂದ ಮೆಸಾಚುಸೆಟ್ಸ್‌ನಲ್ಲಿ ಜಮೀನನ್ನು ಜನರಿಗಾಗಿ ಕಾಯ್ದಿಡುವ ಟ್ರಸ್ಟ್ ಹುಟ್ಟಿತು. 1893ರಲ್ಲಿ ಬಾಸ್ಟನ್ ಸುತ್ತ ಪಾರ್ಕ್ ಆಯೋಗ ಬಂತು, ಬ್ಲೂ ಹಿಲ್ಸ್, ಮಿಡ್ಲ್‌ಸೆಕ್ಸ್ ಫೆಲ್ಸ್ ಎಂಬ ಕಾಡುಗಳು ರಿಸರ್ವೇಶನ್ ಆದವು. ಥೋರೋ ಹಲಗೆ ಹೊದ್ದು ಮಲಗಿದ್ದ ಗ್ರೇಲಾಕ್ ಬೆಟ್ಟವನ್ನು ರಾಜ್ಯ 1898ರಲ್ಲಿ ತೆಗೆದುಕೊಂಡಿತು. ವಾಚುಸೆಟ್ ಈಗ ಸ್ಟೇಟ್ ರಿಸರ್ವೇಶನ್, ಮೊನಾಡ್‌ನಾಕ್ ಸ್ಟೇಟ್ ಪಾರ್ಕ್, ಕಟಾಡಿನ್ ಇರೋದು ಬ್ಯಾಕ್ಸ್‌ಟರ್ ಸ್ಟೇಟ್ ಪಾರ್ಕಿನಲ್ಲಿ. 1922ರಲ್ಲಿ ವಾಲ್ಡನ್ ಸುತ್ತಲಿನ ಸುಮಾರು 80 ಎಕರೆಯನ್ನು ಅಲ್ಲಿಯ ಕುಟುಂಬಗಳು ರಾಜ್ಯಕ್ಕೆ ದಾನ ಕೊಟ್ಟವು. ದಾನ ಕೊಟ್ಟವರಲ್ಲಿ ಎಮರ್ಸನ್ ಕುಟುಂಬದ ಜೊತೆ ಹೋರ್ ಕುಟುಂಬವೂ ಇತ್ತು.

ದಾನ ಬಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. 1957ರಲ್ಲಿ ಈಜುವವರಿಗೆ ಬೀಚ್ ದೊಡ್ಡದು ಮಾಡ್ತೀವಿ ಅಂತ ಕೌಂಟಿ ಅಧಿಕಾರಿಗಳು ವಾಲ್ಡನ್ ದಡಕ್ಕೆ ಬುಲ್‌ಡೋಜರ್ ತಂದು ಮರ ಉರುಳಿಸಿದರು. ಜನ ಕೋರ್ಟಿಗೆ ಹೋದರು. 1960ರಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ ದಾನಪತ್ರದ ಷರತ್ತನ್ನು ಎತ್ತಿಹಿಡಿದು ಅದನ್ನು ತಡೆಯಿತು. ಕಾಗದದಲ್ಲಿ ಸರಿಯಾಗಿ ಬರೆದಿಟ್ಟದ್ದಕ್ಕೆ ಕಾಡು ಉಳಿಯಿತು. ಸರ್ವೇಯರ್ ಆಗಿದ್ದ ಥೋರೋಗೆ ಇದು ಅರ್ಥ ಆಗಿರೋದು. ಇವತ್ತು ವಾಲ್ಡನ್ ಸುತ್ತ ಅವನ ಕಾಲಕ್ಕಿಂತ ಹೆಚ್ಚು ಮರ ಇದೆ, ರಾಜ್ಯದ ಅರ್ಧಕ್ಕಿಂತ ಹೆಚ್ಚು ಭಾಗ ಮತ್ತೆ ಕಾಡಾಗಿದೆ. ಪಾರ್ಕಿಂಗ್ ತುಂಬಿದರೆ ಗೇಟ್ ಮುಚ್ಚುವಷ್ಟು ಜನ ಬರುತ್ತಾರೆ.

ಅವನ ನಡಿಗೆಯಿಂದ ಇನ್ನೊಂದು ಉಪಯೋಗ ಆಯಿತು, ಅದನ್ನು ಅವನೂ ಊಹಿಸಿರಲಿಕ್ಕಿಲ್ಲ. 1850ರ ದಶಕದಲ್ಲಿ ಯಾವ ಗಿಡ ಯಾವ ತಾರೀಖಿಗೆ ಮೊದಲ ಹೂ ಬಿಟ್ಟಿತು ಅಂತ ನೂರಾರು ಗಿಡಗಳಿಗೆ ಪಟ್ಟಿ ಮಾಡಿಟ್ಟಿದ್ದ. ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಅದೇ ಕಾಂಕರ್ಡ್‌ನಲ್ಲಿ ಅದೇ ಗಿಡಗಳನ್ನು ನೋಡಿ ಹೋಲಿಸಿದರು. ಹಲವು ಗಿಡಗಳು ಈಗ ಸರಾಸರಿ ಒಂದು ವಾರ, ಇನ್ನೂ ಮೊದಲೇ ಹೂ ಬಿಡುತ್ತಿವೆ. ಹವಾಮಾನ ಬದಲಾವಣೆಗೆ ಇಷ್ಟು ಹಳೆಯ, ಇಷ್ಟು ಸ್ಪಷ್ಟ ದಾಖಲೆ ಸಿಗೋದು ಅಪರೂಪ. ಸೆನ್ಸರ್ ಇಲ್ಲ, ಆ್ಯಪ್ ಇಲ್ಲ. ಒಂದೇ ದಾರಿಯಲ್ಲಿ ಮತ್ತೆ ಮತ್ತೆ ನಡೆದು, ತಾರೀಖು ಹಾಕಿ ಬರೆದ ಡೇಟಾ ಅದು.

ನಾವೂ ವೀಕೆಂಡ್ ಬಂದರೆ ಟ್ರೆಕ್ ಅಂತ ಹೊರಡ್ತೀವಿ, ಒಂದು ಬೆಟ್ಟಕ್ಕೆ ಹೋದವರು ಅಲ್ಲಿಗೇ ಮತ್ತೆ ಹೋಗೋದು ಕಡಿಮೆ. ಮುಂದಿನ ಸಲ ಹಾಸ್ಟೆಲ್ ಹಿಂದಿನ ದಾರಿಯನ್ನೇ ಆರಿಸಿಕೊಂಡು, ಅಲ್ಲಿರೋ ಹೊಂಗೆ ಮರ ಈ ವರ್ಷ ಯಾವ ದಿನ ಚಿಗುರಿತು ಅಂತ ಲ್ಯಾಬ್ ರೆಕಾರ್ಡಿನ ಕೊನೇ ಪುಟದಲ್ಲಿ ಬರೆದಿಡಿ. ತಾರೀಖಿನ ಜೊತೆ ವರ್ಷವನ್ನೂ ಹಾಕಿ.